ವಿಮೆಯ ಕಾರ್ಡು, ಚುಚ್ಚುಮದ್ದು ಮತ್ತು ಕೈಯಿಂದ ಹೋಗುವ ಹಣ



ಕಳೆದ ಸುಗ್ಗಿಯ ದಿನಗಳಲ್ಲಿ ಹೆಸರಘಟ್ಟ ಹೋಬಳಿಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಮುಂದೆ ನಿಂತಿದ್ದೆ. ಹಾಲು ಹಾಕಿ ಹೊರಗೆ ಬಂದ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಡಿಸಿದ ಒಂದು ರಸೀತಿಯನ್ನು ನನ್ನ ಕೈಗಿಟ್ಟರು. “ಏನಪ್ಪಾ, ಅವತ್ತು ಅರಳಿಕಟ್ಟೆ ಮ್ಯಾಲೆ ನಿಂತ್ಕಂಡು ಐನೂರು ರೂಪಾಯಿ ಕಟ್ರಿ, ಆಸ್ಪತ್ರೆ ಖರ್ಚೆಲ್ಲಾ ಬತ್ತದೆ ಅಂದೋನು ನೀನೇ ತಾನೆ? ತಗಾ, ಇದನ್ನ ಬರಸ್ಕೊಡು” ಎಂದರು.

ರಸೀತಿಯನ್ನು ಓದಿದೆ. ಒಂದೂವರೆ ತಿಂಗಳ ಮೊಮ್ಮಗುವಿಗೆ ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ ಚುಚ್ಚುಮದ್ದುಗಳ ಲೆಕ್ಕ ಅದು. ಒಟ್ಟು 7,200 ರೂಪಾಯಿ. ಅದಕ್ಕಾಗಿ ಅವರು ಒಂದು ಕುರಿ ಮಾರಿದ್ದರು. ಆ ಹಣ ಯಾವ ಯೋಜನೆಯಿಂದಲೂ ಹಿಂದಕ್ಕೆ ಬರುವಂತಿರಲಿಲ್ಲ. ಅದಕ್ಕಿಂತಲೂ ದುಃಖದ ಸಂಗತಿಯೆಂದರೆ, ಆ ಮಗುವಿಗೆ ಆ ವಯಸ್ಸಿನಲ್ಲಿ ಬೇಕಾದ ರಕ್ಷಣೆಯೆಲ್ಲವೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಸಿಲ್ಲದೆ ದೊರೆಯುತ್ತಿತ್ತು.

ತಪ್ಪು ಅಜ್ಜಿಯದಲ್ಲ. ಯಶಸ್ವಿನಿ ಯೋಜನೆಗೆ ಸೇರಿರೆಂದು ಹೇಳುವ ಉತ್ಸಾಹದಲ್ಲಿ “ಆಸ್ಪತ್ರೆ ಖರ್ಚೆಲ್ಲಾ” ಎಂದು ಬಾಯಿಬಿಟ್ಟವನು ನಾನೇ. ಆ ಒಂದು “ಎಲ್ಲಾ” ಎಂಬ ಮಾತು ಒಂದು ಕುರಿಯನ್ನು ತಿಂದಿತು. ಆದುದರಿಂದ ಯಾವ ಚುಚ್ಚುಮದ್ದು ಪುಕ್ಕಟೆ, ವಿಮೆ ಯಾವುದಕ್ಕೆ ಹಣ ಕೊಡುತ್ತದೆ, ಯಾವುದಕ್ಕೆ ನಾವೇ ಕೈಯಿಂದ ಕೊಡಬೇಕು ಎಂಬುದನ್ನು ವಿಚಾರಿಸಿ ತಿಳಿದು ಈ ಲೇಖನದಲ್ಲಿ ಬರೆಯುತ್ತಿದ್ದೇನೆ.

ವಿಮೆ ಎಂದರೇನು?

ಇದನ್ನು ನಮ್ಮ ಹೊಲ ಮತ್ತು ಕೊಟ್ಟಿಗೆಯ ಉದಾಹರಣೆಯಿಂದಲೇ ನೋಡೋಣ. ರಾಗಿಗೆ ಬೆಳೆ ವಿಮೆ ಮಾಡಿಸುತ್ತೀರಿ. ಮಳೆ ಕೈಕೊಟ್ಟು ಪೈರು ಒಣಗಿದರೆ ಪರಿಹಾರ ಬರುತ್ತದೆ. ಆದರೆ ಬೆಂಕಿ ರೋಗ ಬಾರದಿರಲೆಂದು ಬಿತ್ತುವ ಮೊದಲು ಮಾಡುವ ಬೀಜೋಪಚಾರದ ಖರ್ಚನ್ನು ವಿಮಾ ಕಂಪನಿ ಕೊಡುವುದಿಲ್ಲ. ಸೀಮೆಹಸುವಿಗೆ ವಿಮೆ ಮಾಡಿಸಿ ಕಿವಿ ಓಲೆ ಹಾಕಿಸುತ್ತೀರಿ. ಹಸು ಸತ್ತರೆ ಹಣ ಬರುತ್ತದೆ. ಕಾಲುಬಾಯಿ ಬೇನೆಗೆ ಹಾಕಿಸುವ ಲಸಿಕೆಗೆ ವಿಮೆಯಿಂದ ಹಣ ಬರುವುದಿಲ್ಲ.

ಇದರಲ್ಲಿ ಅನ್ಯಾಯವೇನೂ ಇಲ್ಲ. ಯಾರಿಗೆ ಯಾವಾಗ ಬರುತ್ತದೆಂದು ತಿಳಿಯದ ದೊಡ್ಡ ನಷ್ಟವನ್ನು ಸಾವಿರಾರು ಜನ ಸ್ವಲ್ಪ ಸ್ವಲ್ಪವಾಗಿ ಹಂಚಿಕೊಳ್ಳುವ ಏರ್ಪಾಡೇ ವಿಮೆ. ನೂರು ಮನೆಯವರು ವಂತಿಗೆ ಹಾಕುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾದ ಎರಡು ಮನೆಗಳಿಗೆ ಆ ಹಣ ಸಲ್ಲುತ್ತದೆ. ಚುಚ್ಚುಮದ್ದಿನ ಸ್ಥಿತಿ ಬೇರೆ. ಅದು ಎಲ್ಲ ಮನೆಯ ಎಲ್ಲ ಮಕ್ಕಳಿಗೂ ಬೇಕೇ ಬೇಕು, ಯಾವ ವಾರ ಬೇಕೆಂಬುದೂ ಮೊದಲೇ ಗೊತ್ತು. ಎಲ್ಲರಿಗೂ ತಪ್ಪದೆ ಬರುವ ಖರ್ಚನ್ನು ವಿಮೆಗೆ ಸೇರಿಸಿದರೆ ವಂತಿಗೆಯೇ ಅಷ್ಟು ಏರುತ್ತದೆ. ಅದರ ಮೇಲೆ ಕಾಗದಪತ್ರದ ಖರ್ಚು ಬೇರೆ. ಆದುದರಿಂದ ಇಂಥ ಕೆಲಸವನ್ನು ವಿಮೆಗೆ ಬಿಡದೆ ಸರ್ಕಾರವೇ ನೇರವಾಗಿ ವಹಿಸಿಕೊಂಡಿದೆ. ದನಗಳಿಗೂ ಹೀಗೆಯೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಕಾಲುಬಾಯಿ ಬೇನೆಯ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಪುಕ್ಕಟೆಯಾಗಿ ಹಾಕುತ್ತಾರೆ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಕಂದು ರೋಗದ ಲಸಿಕೆಯನ್ನೂ ಹಾಕುತ್ತಾರೆ.

ಲಸಿಕೆಯ ಬಲವನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹೆಬ್ಬಾಳದಲ್ಲಿ 1925ರಲ್ಲಿಯೇ ದನಗಳ ದೊಡ್ಡರೋಗಕ್ಕೆ ಮದ್ದು ತಯಾರಿಸುವ ಸಂಸ್ಥೆ ಹುಟ್ಟಿತು. ಕೊಟ್ಟಿಗೆಗಳನ್ನು ಬರಿದು ಮಾಡುತ್ತಿದ್ದ ಆ ರೋಗ 2011ರಲ್ಲಿ ಪ್ರಪಂಚದಿಂದಲೇ ಹೋಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬೂ ಹೀಗೆಯೇ ಹೋಯಿತು. ಎಡದೋಳಿನ ಮೇಲೆ ದಾಕಿನ ಗುರುತು ಇರುವ ಹಿರಿಯರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. 1980ರಲ್ಲಿ ಸಿಡುಬು ಭೂಮಿಯ ಮೇಲೆ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. 2014ರಲ್ಲಿ ಭಾರತ ಪೋಲಿಯೋದಿಂದ ಮುಕ್ತವಾಯಿತು.

ಯಾವುವು ಪುಕ್ಕಟೆ?

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಆರಂಭವಾಯಿತು. ಅದರ ಪಟ್ಟಿಯಲ್ಲಿರುವ ಚುಚ್ಚುಮದ್ದು ಮತ್ತು ಹನಿಗಳನ್ನು ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಅಂಗನವಾಡಿಗಳಲ್ಲಿ ನಡೆಯುವ ಲಸಿಕಾ ದಿನಗಳಲ್ಲಿ ಉಚಿತವಾಗಿ ಕೊಡುತ್ತಾರೆ. ನಮ್ಮಲ್ಲಿ ಈ ದಿನ ಸಾಮಾನ್ಯವಾಗಿ ಗುರುವಾರ. ಇದಕ್ಕೆ ರೇಷನ್ ಕಾರ್ಡು ಬೇಡ, ವಿಮೆಯ ಕಾರ್ಡು ಬೇಡ. ಬಡವ ಬಲ್ಲಿದ ಎಂಬ ಭೇದವಿಲ್ಲ. ಯಲಹಂಕದ ಸುತ್ತ ಕಟ್ಟಡದ ಕೆಲಸಕ್ಕೆಂದು ರಾಯಚೂರು, ಕಲಬುರಗಿ ಕಡೆಯಿಂದ ಬಂದು ಶೆಡ್ಡುಗಳಲ್ಲಿರುವವರ ಮಕ್ಕಳಿಗೂ ಇದು ಸಲ್ಲುತ್ತದೆ. ನಿಮ್ಮ ಹೊಲದ ಪಕ್ಕದಲ್ಲಿ ಅಂಥ ಕುಟುಂಬವಿದ್ದರೆ ದಯಮಾಡಿ ತಿಳಿಸಿರಿ.

ಕ್ರಮ ಹೀಗಿದೆ:

ಹುಟ್ಟಿದಾಗ: ಕ್ಷಯಕ್ಕೆ ಬಿ.ಸಿ.ಜಿ., ಪೋಲಿಯೋ ಹನಿ, 24 ಗಂಟೆಗಳ ಒಳಗೆ ಹೆಪಟೈಟಿಸ್ ಬಿ.

6, 10 ಮತ್ತು 14ನೇ ವಾರ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮುಂತಾದ ಐದು ರೋಗಗಳನ್ನು ತಡೆಯುವ ಪೆಂಟಾ ಚುಚ್ಚುಮದ್ದು, ಪೋಲಿಯೋ ಹನಿ, ಭೇದಿಗೆ ರೋಟಾ ಹನಿ. 6 ಮತ್ತು 14ನೇ ವಾರದಲ್ಲಿ ಇವುಗಳ ಜೊತೆಗೆ ಪೋಲಿಯೋ ಚುಚ್ಚುಮದ್ದು ಮತ್ತು ನ್ಯುಮೋನಿಯಾ ತಡೆಯುವ ಪಿ.ಸಿ.ವಿ.

9 ತಿಂಗಳು ತುಂಬಿದ ಮೇಲೆ: ದಡಾರ–ರುಬೆಲ್ಲಾ ಮೊದಲ ಡೋಸು, ಪಿ.ಸಿ.ವಿ. ಮತ್ತು ಪೋಲಿಯೋ ಚುಚ್ಚುಮದ್ದಿನ ಮೂರನೆಯ ಡೋಸು.

16ರಿಂದ 24 ತಿಂಗಳು: ದಡಾರ–ರುಬೆಲ್ಲಾ ಎರಡನೆಯ ಡೋಸು, ಡಿ.ಪಿ.ಟಿ. ಬೂಸ್ಟರ್, ಪೋಲಿಯೋ ಹನಿ.

5–6 ವರ್ಷ: ಡಿ.ಪಿ.ಟಿ. ಎರಡನೆಯ ಬೂಸ್ಟರ್. 10 ಮತ್ತು 16 ವರ್ಷ: ಟಿ.ಡಿ. ಗರ್ಭಿಣಿಯರಿಗೂ ಟಿ.ಡಿ.

ಈ ಪಟ್ಟಿ ನಿಂತ ನೀರಲ್ಲ, ಆಗಾಗ ಬೆಳೆಯುತ್ತದೆ. ದಡಾರ–ರುಬೆಲ್ಲಾ ಅಭಿಯಾನ 2017ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಟಿತು. ಒಂದು ಕಾಲಕ್ಕೆ ಹಣವಂತರ ಮಕ್ಕಳಿಗೆ ಮಾತ್ರ ಎಂಬಂತಿದ್ದ ಪಿ.ಸಿ.ವಿ. 2021ರಿಂದ ದೇಶದಾದ್ಯಂತ ಪುಕ್ಕಟೆಯಾಗಿದೆ. ಅಜ್ಜಿಯ ರಸೀತಿಯಲ್ಲಿ ಅರ್ಧದಷ್ಟು ಹಣ ಈ ಒಂದೇ ಮದ್ದಿನದು.

ಖಾಸಗಿಯ “ನೋವಿಲ್ಲದ” ಚುಚ್ಚುಮದ್ದು ಮೇಲಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ನಾಯಿಕೆಮ್ಮಿನ ಅಂಶವನ್ನು ಬೇರೆ ರೀತಿ ತಯಾರಿಸಿರುತ್ತಾರೆ. ಜ್ವರ, ಊತ ಸ್ವಲ್ಪ ಕಡಿಮೆ. ಆದರೆ ರೋಗವನ್ನು ತಡೆಯುವುದರಲ್ಲಿ ಸರ್ಕಾರದ ಮದ್ದು ಯಾವ ರೀತಿಯಲ್ಲೂ ಕಡಿಮೆಯದಲ್ಲ. ಒಂದೆರಡು ದಿನ ಮೈ ಬಿಸಿಯಾಗುವುದು ರೂಢಿ. ಆರೋಗ್ಯ ಸಹಾಯಕಿ ಹೇಳಿದ ಅಳತೆಯಲ್ಲಿ ಜ್ವರದ ಮದ್ದು ಕೊಟ್ಟರೆ ಸಾಕು. ಅನುಕೂಲವಿದ್ದು ಖಾಸಗಿಗೆ ಹೋಗುವವರು ಹೋಗಲಿ. ಸಾಲ ಮಾಡಿ, ಕುರಿ ಮಾರಿ ಹೋಗುವುದು ಬೇಡ.

ನಮ್ಮ ಕಾರ್ಡುಗಳು ಏನನ್ನು ಕೊಡುತ್ತವೆ?

ಯಶಸ್ವಿನಿ: ಸಹಕಾರ ಸಂಘಗಳ ಸದಸ್ಯರಿಗಾಗಿ ಹುಟ್ಟಿದ ಯೋಜನೆ. 2003ರಲ್ಲಿ ಜಾರಿಗೆ ಬಂತು. 2018ರಲ್ಲಿ ಬೇರೆ ಯೋಜನೆಯಲ್ಲಿ ಲೀನವಾಗಿ ನಿಂತುಹೋಗಿ, 2022–23ರಲ್ಲಿ ಮರಳಿ ಬಂತು. ಮರಳಿ ಬಂದಾಗ ಗ್ರಾಮಾಂತರದವರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100 ರೂಪಾಯಿ ಎಂದು ಗೊತ್ತುಪಡಿಸಿದರು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆಯ ಚಿಕಿತ್ಸೆಗೆ ಇದು ಸಲ್ಲುತ್ತದೆ. ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಬರುವುದಕ್ಕೆ ಸಲ್ಲುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: 2018ರಲ್ಲಿ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎ.ಪಿ.ಎಲ್. ಕುಟುಂಬಕ್ಕೆ ಯೋಜನೆಯ ದರದಲ್ಲಿ ನೂರಕ್ಕೆ ಮೂವತ್ತು ಭಾಗದಂತೆ, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ. ಉಳಿದ ಎಪ್ಪತ್ತು ಭಾಗ ನಮ್ಮ ಕೈಯಿಂದ. ಇದು ಕೂಡ ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗೆ ಹೊರತು, ಹೊರರೋಗಿಯ ಸೂಜಿಗೆ ಮತ್ತು ಲಸಿಕೆಗೆ ಅಲ್ಲ.

ಇ.ಎಸ್.ಐ.: ಯಶವಂತಪುರ, ಪೀಣ್ಯ, ದೊಡ್ಡಬಳ್ಳಾಪುರ ಕಡೆ ಗಾರ್ಮೆಂಟ್ಸ್, ಕಾರ್ಖಾನೆಗಳಿಗೆ ಹೋಗುವ ನಿಮ್ಮ ಸೊಸೆ, ಮಕ್ಕಳಿಗೆ ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ, ಅವರ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿಯನ್ನು ಇದಕ್ಕೆ ಹಿಡಿಯುತ್ತಾರೆ, ಮಾಲೀಕರು ಮೂರೂಕಾಲು ರೂಪಾಯಿ ಸೇರಿಸುತ್ತಾರೆ. ಈ ಯೋಜನೆಯಲ್ಲಿ ಆಸ್ಪತ್ರೆಗೆ ಸೇರದೆ ಪಡೆಯುವ ಔಷಧೋಪಚಾರವೂ ಉಂಟು, ಮಕ್ಕಳ ಲಸಿಕೆಯೂ ಉಂಟು. ಅನೇಕರು ಹಣ ಕಟ್ಟುತ್ತಲೇ ಇದ್ದು ಒಂದು ದಿನವೂ ಡಿಸ್ಪೆನ್ಸರಿಯ ಮೆಟ್ಟಿಲು ಹತ್ತಿರುವುದಿಲ್ಲ.

ಕಂಪನಿಗಳ ಪಾಲಿಸಿ: ಜಮೀನು ಲೇಔಟಿಗೆ ಹೋಗಿ ಕೈಯಲ್ಲಿ ಹಣವಿರುವ ಕೆಲವರು ಏಜೆಂಟರ ಮೂಲಕ ಇದನ್ನು ತೆಗೆದುಕೊಂಡಿದ್ದಾರೆ. ಇಂಥ ಬಹುಪಾಲು ಪಾಲಿಸಿಗಳಲ್ಲಿ ಲಸಿಕೆ ಸೇರಿರುವುದಿಲ್ಲ. ಹೆರಿಗೆ–ಹಸುಗೂಸಿನ ರಕ್ಷಣೆ ಅಥವಾ ಹೊರರೋಗಿ ಖರ್ಚಿನ ಭಾಗಕ್ಕೆ ಹೆಚ್ಚು ಹಣ ಕಟ್ಟಿದ್ದರೆ ಕೆಲವು ಪಾಲಿಸಿಗಳು ಒಂದು ಮಿತಿಯವರೆಗೆ ಕೊಡುತ್ತವೆ. ಏಜೆಂಟರ ಬಾಯಿಮಾತನ್ನು ನಂಬಬೇಡಿ. ಗ್ರಾಮಸೇವಕನ ಬಾಯಿಮಾತೂ ಹೆಚ್ಚಾದೀತೆಂಬುದನ್ನು ಈಗಾಗಲೇ ಕಂಡಿರಿ. ಪಾಲಿಸಿಯಲ್ಲಿ “ಒಳಗೊಳ್ಳದ ಬಾಬುಗಳು” ಎಂಬ ಪುಟವನ್ನು ಓದುಬಲ್ಲ ಮಕ್ಕಳಿಂದ ಓದಿಸಿರಿ. ಮನಸ್ಸಿಗೆ ಬಾರದಿದ್ದರೆ ಪಾಲಿಸಿ ಕೈಸೇರಿದ 30 ದಿನಗಳ ಒಳಗೆ ಹಿಂತಿರುಗಿಸಲು 2024ರ ನಿಯಮದಲ್ಲಿ ಅವಕಾಶವಿದೆ.

ಹಾಗಾದರೆ ವಿಮೆ ಯಾವಾಗ ನೆರವಾಗುತ್ತದೆ? ರೋಗ ಬಂದು ಆಸ್ಪತ್ರೆಗೆ ಸೇರಿದಾಗ. ದಡಾರದಿಂದ ಮಗುವಿನ ಎದೆಗೆ ಕಫ ಕಟ್ಟಿ ದಾಖಲಾದರೆ ಕಾರ್ಡು ತೋರಿಸಿ ಕೇಳಬಹುದು. ಲಸಿಕೆಯಿಂದಲೇ ಅಪರೂಪಕ್ಕೆ ತೊಂದರೆಯಾಗಿ ದಾಖಲಾದರೆ? ಕೋವಿಡ್ ಲಸಿಕೆಯ ಕಾಲದಲ್ಲಿ ಈ ಪ್ರಶ್ನೆ ಎದ್ದಾಗ, ಅಂಥ ದಾಖಲಾತಿಗೆ ಆರೋಗ್ಯ ವಿಮೆ ಅನ್ವಯಿಸುತ್ತದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಮಾರ್ಚಿಯಲ್ಲಿ ಸ್ಪಷ್ಟಪಡಿಸಿತು.

ಒಂದೇ ಮದ್ದು, ಎರಡು ಬೆಲೆ

2021ರ ಜೂನ್ ತಿಂಗಳನ್ನು ನೆನಪಿಗೆ ತಂದುಕೊಳ್ಳಿ. ಸರ್ಕಾರಿ ಕೇಂದ್ರದಲ್ಲಿ ಕೋವಿಡ್ ಲಸಿಕೆ ಪುಕ್ಕಟೆ. ಖಾಸಗಿ ಆಸ್ಪತ್ರೆಯಲ್ಲಿ ಕೋವಿಶೀಲ್ಡ್ ಒಂದು ಡೋಸಿಗೆ ಹೆಚ್ಚೆಂದರೆ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1,410 ರೂಪಾಯಿ ಎಂದು ಕೇಂದ್ರ ಸರ್ಕಾರ ಮಿತಿ ಹಾಕಿತ್ತು. ಅದರಲ್ಲಿ 150 ರೂಪಾಯಿ ಸೇವಾ ಶುಲ್ಕ. ಶೀಶೆಯೊಳಗಿನ ಮದ್ದು ಎರಡೂ ಕಡೆ ಒಂದೇ. ಐದು ಜನರ ಮನೆಗೆ ಎರಡು ಡೋಸು ಕೋವಿಶೀಲ್ಡ್ ಎಂದರೆ 7,800 ರೂಪಾಯಿ. ಒಂದು ಕಡೆ ಸಾಲಿನಲ್ಲಿ ನಿಲ್ಲುವ ಹೊತ್ತು, ಇನ್ನೊಂದು ಕಡೆ ಇಷ್ಟು ಹಣ. ಎರಡನ್ನೂ ತೂಗಿ ನೋಡುವ ವಿವೇಕ ನಮ್ಮದಾಗಿರಬೇಕು.

ಕೈಯಿಂದ ಹೋಗುವ ಹಣವೆಂದರೆ ಮದ್ದಿನ ಬೆಲೆಯೊಂದೇ ಅಲ್ಲ. ಡಾಕ್ಟರ ಫೀಜು, ಬಸ್ಸಿನ ಚಾರ್ಜು, ಹೋದ ದಿನದ ಕೂಲಿ ಎಲ್ಲವೂ ಸೇರಬೇಕು. ಇದನ್ನು ಉಳಿಸುವುದಕ್ಕೆಂದೇ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ದಿನ ತಿಳಿಸುತ್ತಾರೆ. ನಗರಕ್ಕೆ ಸೇರಿಹೋದ ಹಳ್ಳಿಗಳವರು ಹತ್ತಿರದ ನಗರ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನಲ್ಲಿ ವಿಚಾರಿಸಬಹುದು.

ಪಟ್ಟಿಯಲ್ಲಿ ಇಲ್ಲದ ಲಸಿಕೆಗಳೂ ಉಂಟು: ಸೀತಾಳೆ ಸಿಡುಬು, ಹೆಪಟೈಟಿಸ್ ಎ, ಫ್ಲೂ ಜ್ವರ. ಇವನ್ನು ಬಯಸುವವರು ಹಣ ಕೊಟ್ಟೇ ಹಾಕಿಸಬೇಕು. ಮೊದಲು ಪಟ್ಟಿಯಲ್ಲಿರುವುದನ್ನು ಪೂರ್ತಿ ಮುಗಿಸಿ, ಆಮೇಲೆ ಇವುಗಳ ಯೋಚನೆ ಮಾಡಿರಿ. ಯಾವುದಕ್ಕೇ ಆಗಲಿ ಹಣ ಎಣಿಸುವ ಮುನ್ನ “ಇದು ಸರ್ಕಾರದಲ್ಲಿ ಸಿಗುತ್ತದೆಯೇ?” ಎಂದು ಆರೋಗ್ಯ ಸಹಾಯಕಿಯನ್ನು ಒಂದು ಮಾತು ಕೇಳಿರಿ.

ನಾಯಿ ಕಚ್ಚಿದಾಗ

ಇನ್ನು ಪ್ರಾಣಕ್ಕೇ ಸಂಬಂಧಿಸಿದ ಮಾತು. ರಾಜಾನುಕುಂಟೆಯ ಆಚೆಯ ಒಂದು ಹಳ್ಳಿಯಲ್ಲಿ ಸಂಜೆ ಹೊತ್ತು ಎಂಟು ವರ್ಷದ ಹುಡುಗನ ಕಾಲಿಗೆ ಬೀದಿನಾಯಿ ಕಚ್ಚಿತು. ತಾತ ಅವನನ್ನು ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. “ಈ ಕಾರ್ಡು ಇದಕ್ಕೆ ನಡೆಯುವುದಿಲ್ಲ, ಹಣ ಕಟ್ಟಿ” ಎಂದರಂತೆ. ತಾತ ಮನೆಗೆ ಮರಳಿ, ಗಾಯಕ್ಕೆ ಅರಿಸಿನ ಮೆತ್ತಿ, ಹಾಲಿನ ಬಟವಾಡೆ ಬಂದ ಮೇಲೆ ಚುಚ್ಚಿಸೋಣವೆಂದು ಸುಮ್ಮನಾದರು. ಬಟವಾಡೆಗೆ ಇನ್ನೂ ಆರು ದಿನವಿತ್ತು.

ಮರುದಿನ ಬೆಳಿಗ್ಗೆ ಮಣ್ಣಿನ ಮಾದರಿ ತೆಗೆಯಲು ಹೋದ ನನಗೆ ಈ ಸುದ್ದಿ ಕಿವಿಗೆ ಬಿತ್ತು. ಗುದ್ದಲಿಯನ್ನು ಅಲ್ಲಿಯೇ ಬಿಟ್ಟು, ಗಾಯವನ್ನು ಸೋಪು ಹಾಕಿ ತೊಳೆಸಿ, ಹುಡುಗನನ್ನೂ ತಾತನನ್ನೂ ಬೈಕಿನಲ್ಲಿ ಕೂರಿಸಿಕೊಂಡು ಯಲಹಂಕದ ಸರ್ಕಾರಿ ಆಸ್ಪತ್ರೆಗೆ ಹೋದೆ. ಚುಚ್ಚುಮದ್ದು ಹಾಕಿದರು, ಒಂದು ಕಾಸೂ ಕೇಳಲಿಲ್ಲ. ಹುಡುಗ ಉಳಿದ ದಿನಗಳನ್ನೂ ತಪ್ಪಿಸದೆ ಮುಗಿಸಿದ. ಈಗ ಶಾಲೆಗೆ ಹೋಗುತ್ತಿದ್ದಾನೆ.

ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡಿತೆಂದರೆ ಉಳಿಯುವುದು ಇಲ್ಲವೆಂದೇ ತಿಳಿಯಿರಿ. ಆದರೆ ಸಕಾಲಕ್ಕೆ ಮದ್ದು ಹಾಕಿಸಿದರೆ ಅದು ಬರುವುದೇ ಇಲ್ಲ. ಆದುದರಿಂದ ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾರದಪುಡಿ ಮೆತ್ತಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಹೀಗೆ ನಾಲ್ಕು ಸಲ ಹೋಗಬೇಕು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದೂ ಬೇಕು. ಅದನ್ನು ಬಾಯಿಬಿಟ್ಟು ಕೇಳಿರಿ. ಹಿಂದಿನ ಕಾಲದಲ್ಲಿ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕುತ್ತಿದ್ದರೆಂಬ ಹೆದರಿಕೆ ಬೇಡ. ಆ ಮದ್ದು 2005ರ ಹೊತ್ತಿಗೇ ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ.

ಕುಡುಗೋಲು, ನೇಗಿಲು ತಗುಲಿದ ಗಾಯಕ್ಕೂ ಇದೇ ಮಾತು. ಧನುರ್ವಾಯು ತಡೆಯುವ ಸೂಜಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ. ಅದಕ್ಕೆ ಕಾರ್ಡು ಹುಡುಕುತ್ತ ಕೂರಬೇಡಿ.

ನೆನಪಿನಲ್ಲಿಡಬೇಕಾದ ಮಾತುಗಳು

1. ಮಕ್ಕಳ ಪಟ್ಟಿಯ ಚುಚ್ಚುಮದ್ದು, ನಾಯಿ ಕಡಿತದ ಮದ್ದು, ಧನುರ್ವಾಯು ಸೂಜಿ: ಮೊದಲು ಸರ್ಕಾರಿ ಆಸ್ಪತ್ರೆ. ಪುಕ್ಕಟೆ.

2. ಯಶಸ್ವಿನಿ, ಆರೋಗ್ಯ ಕರ್ನಾಟಕ: ಆಸ್ಪತ್ರೆಗೆ ಸೇರಿದಾಗ. ಲಸಿಕೆಗೆ ಅಲ್ಲ. ಹಾಗೆಂದು ಇವನ್ನು ಬಿಡಬೇಡಿ; ಬೀಜೋಪಚಾರ ಮಾಡಿದವನೂ ಬೆಳೆ ವಿಮೆ ಕಟ್ಟುತ್ತಾನಲ್ಲವೇ?

3. ಮನೆಯಲ್ಲಿ ಇ.ಎಸ್.ಐ. ಇರುವವರಿದ್ದರೆ ಆ ಹಕ್ಕನ್ನು ಬಳಸಿರಿ.

4. ಖಾಸಗಿಯಲ್ಲಿ ಹಾಕಿಸುವುದಾದರೆ ಮದ್ದಿನ ಹೆಸರು, ಬೆಲೆ ಮತ್ತು ಫೀಜನ್ನು ಮೊದಲೇ ಕೇಳಿ, ರಸೀತಿ ಪಡೆಯಿರಿ.

5. ತಾಯಿ ಕಾರ್ಡನ್ನು ಪಹಣಿಯಷ್ಟೇ ಜೋಪಾನವಾಗಿಡಿ. ಎಲ್ಲಿ ಹಾಕಿಸಿದರೂ ತಾರೀಖು ಬರೆಸಿರಿ. ಒಂದು ಡೋಸು ತಪ್ಪಿದ್ದರೆ ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ, ಕರೆದುಕೊಂಡು ಹೋಗಿ ಮುಂದುವರಿಸಿರಿ.

ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ಹಿರಿಯರು ಹೇಳುತ್ತಾರೆ. ವಿಮೆಯು ಸೂರೆಹೋದದ್ದನ್ನು ಸ್ವಲ್ಪಮಟ್ಟಿಗೆ ತುಂಬಿಕೊಡಬಲ್ಲದು. ಬಾಗಿಲನ್ನು ಮುಂಚೆಯೇ ಹಾಕುವುದು ಚುಚ್ಚುಮದ್ದು. ಎರಡೂ ಬೇಕು, ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಬಾರದು, ಅಷ್ಟೆ.

ಅಜ್ಜಿಗೆ ಹಣ ಬರಿಸಿಕೊಡಲು ನನ್ನಿಂದಾಗಲಿಲ್ಲ. ತಪ್ಪಾಯಿತವ್ವಾ ಎಂದೆ. ಹತ್ತನೆಯ ವಾರದ ಗುರುವಾರ ಸೊಸೆಯನ್ನೂ ಮಗುವನ್ನೂ ಅಂಗನವಾಡಿಗೆ ಅವರೇ ಕರೆತಂದರು. ಕೆಲಸ ಮುಗಿದ ಮೇಲೆ “ಎಷ್ಟು ಕೊಡಬೇಕವ್ವಾ?” ಎಂದು ಸಹಾಯಕಿಯನ್ನು ಕೇಳಿದರು. ಏನೂ ಇಲ್ಲವೆಂದಾಗ ನನ್ನ ಕಡೆ ತಿರುಗಿ, “ಇದನ್ನ ಅರಳಿಕಟ್ಟೆ ಮ್ಯಾಲೆ ನಿಂತ್ಕಂಡು ಹೇಳಪ್ಪಾ” ಎಂದರು.

ಅವರ ಮಾತಿನಂತೆ ಇಲ್ಲಿ ಹೇಳಿದ್ದೇನೆ. ಓದಿದವರು ಓದಲು ಬಾರದವರಿಗೆ ತಿಳಿಸಬೇಕೆಂದು ಕೋರುತ್ತೇನೆ.

— ನಿಮ್ಮ ಗ್ರಾಮಸೇವಕ